ಅಧಿಕಾರವಿಲ್ಲದ ಸಮಿತಿಯಿಂದ ಕೆಲಸ ತೆಗೆಯುವ ಬಗೆ: ಕಾರವಾರ, ಶಿರಸಿಯ ವಾರ್ಡುಗಳಿಗೊಂದು ಕೈಪಿಡಿ

ಬಿಣಗಾದ ಆಚೆಗಿರುವ ಅಮದಳ್ಳಿಯ ನಿವಾಸಿಗೆ ಗ್ರಾಮಸಭೆ ಎಂಬುದೊಂದಿದೆ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರೇ ಆದರೂ ಅಲ್ಲಿ ಎದ್ದು ನಿಂತು ಗಟಾರದ ಬಗ್ಗೆಯೋ ಬೀದಿದೀಪದ ಬಗ್ಗೆಯೋ ಕೇಳಬಹುದು. ಕೆಲವೇ ಕಿಲೋಮೀಟರ್ ಈಚೆಗೆ, ನಗರಸಭೆಯ ಮಿತಿಯೊಳಗಿನ ನಂದನಗದ್ದಾದಲ್ಲೋ ಕಾಜುಬಾಗದಲ್ಲೋ ಮನೆ ಮಾಡಿದವರಿಗೆ ಸಂವಿಧಾನ ಅಂಥ ಸಭೆಯನ್ನು ಕಡ್ಡಾಯ ಮಾಡಿಲ್ಲ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿಯ 243ಎಸ್ ವಿಧಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪೌರಸಂಸ್ಥೆಗಳಿಗೆ ಮಾತ್ರ. ಕಾರವಾರವಾಗಲಿ, ಶಿರಸಿಯಾಗಲಿ ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಹಳ್ಳಿಗೆ ಹಕ್ಕಾಗಿ ಸಿಕ್ಕಿದ್ದು, ಮಹಾನಗರಕ್ಕೆ ನಿಯಮವಾಗಿ ಸಿಕ್ಕಿದ್ದು, ನಡುವಿನ ಊರುಗಳಿಗೆ ಮಾತ್ರ ಸಿಗದೆ ಉಳಿದಿದೆ.

ಆದರೆ ಒಂದು ವಾರ್ಡಿನ ನಿವಾಸಿಗಳು ತಾವೇ ಸೇರಿ ಸಲಹಾ ಸಮಿತಿಯೊಂದನ್ನು ಮಾಡಿಕೊಂಡು, ನಗರಸಭೆಗೆ ಲಿಖಿತ ಸಲಹೆ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅಂಥ ಸಮಿತಿಯನ್ನು ಕಟ್ಟುವುದು ಹೇಗೆ ಮತ್ತು ಅದರ ಮಾತು ಕಚೇರಿಯ ಕಡತದೊಳಗೆ ಸೇರುವಂತೆ ಮಾಡುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ಕಾರವಾರವನ್ನೂ ಶಿರಸಿಯನ್ನೂ ಮುಂದಿಟ್ಟುಕೊಂಡು ಬರೆದಿದ್ದರೂ ದಾಂಡೇಲಿ, ಕುಮಟಾ, ಅಂಕೋಲಾ, ಹೊನ್ನಾವರದವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ. ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಪೌರಾಯುಕ್ತರ ಜಾಗದಲ್ಲಿ ಮುಖ್ಯಾಧಿಕಾರಿ ಇರುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಸಲಹೆ ಎಂದರೆ ಎಷ್ಟು

ಸಮಿತಿ ಕಟ್ಟುವ ಮೊದಲು ಅದರ ಸದಸ್ಯರಾಗಲಿರುವ ಎಲ್ಲರೂ ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ: ಸಲಹಾ ಸಮಿತಿಗೆ ಯಾರನ್ನೂ ಕರೆಸುವ, ಯಾವ ಕಾಮಗಾರಿಯನ್ನೂ ನಿಲ್ಲಿಸುವ, ಒಂದು ರೂಪಾಯಿಯನ್ನೂ ಮಂಜೂರು ಮಾಡುವ ಅಧಿಕಾರವಿಲ್ಲ. ನ್ಯೂಯಾರ್ಕ್ ನಗರದಲ್ಲಿ ಶಾಸನಬದ್ಧವಾಗಿಯೇ ಇರುವ 59 ಸಮುದಾಯ ಮಂಡಳಿಗಳಿಗೂ ಸಲಹೆ ಕೊಡುವುದರ ಆಚೆಗೆ ಅಧಿಕಾರವಿಲ್ಲ. ಒಂದೊಂದರಲ್ಲಿ 50ರವರೆಗೆ ಸದಸ್ಯರಿದ್ದು, ಯಾರಿಗೂ ಸಂಬಳವಿಲ್ಲ. ಆದರೂ ಅವರ ಮಾತಿಗೆ ತೂಕವಿದೆ, ಏಕೆಂದರೆ ಭೂಬಳಕೆಯ ದೊಡ್ಡ ಪ್ರಸ್ತಾವವೊಂದು ಮುಂದಿನ ಹಂತಕ್ಕೆ ಹೋಗುವ ಮೊದಲು ಅದನ್ನು ಪರಿಶೀಲಿಸಿ ಅಭಿಪ್ರಾಯ ಹೇಳಲು ಮಂಡಳಿಗೆ 60 ದಿನಗಳ ಅವಕಾಶವನ್ನು ಅಲ್ಲಿನ ನಿಯಮವೇ ಕೊಟ್ಟಿದೆ. ನಮ್ಮಲ್ಲಿ ಕಾಯುವವರು ಯಾರೂ ಇಲ್ಲ. ಆದ್ದರಿಂದ ಸರಿಯಾದ ಕಚೇರಿಗೆ, ನಿರ್ಧಾರವಾಗುವ ಮೊದಲೇ, ಅಳತೆ ಮತ್ತು ಪುರಾವೆಯೊಂದಿಗೆ ಸಲಹೆ ತಲುಪಿಸುವ ಹೊಣೆ ಪೂರ್ತಿಯಾಗಿ ಸಮಿತಿಯ ಮೇಲೆಯೇ ಬೀಳುತ್ತದೆ. ಕೆಲಸ ಮುಗಿದ ಮೇಲೆ ಬರೆದ ಸಲಹೆಯನ್ನು ಕಚೇರಿ ದೂರು ಎಂದೇ ಓದುತ್ತದೆ.

ಯಾರನ್ನು ಕೂರಿಸಬೇಕು

ರಾಜ್ಯದ ಮಹಾನಗರಪಾಲಿಕೆಗಳಿಗೆ ಅನ್ವಯಿಸುವ 1976ರ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯು ವಾರ್ಡ್ ಸಮಿತಿಗೆ ಹತ್ತು ಸದಸ್ಯರನ್ನು ಗೊತ್ತುಮಾಡಿ, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕೆಂದು ಹೇಳುತ್ತದೆ. ಇದು ನಮ್ಮ ಊರುಗಳನ್ನು ಕಟ್ಟಿಹಾಕುವುದಿಲ್ಲವಾದರೂ ಮಾದರಿಯಾಗಿ ಇಟ್ಟುಕೊಳ್ಳಲು ಚೆನ್ನಾಗಿದೆ. ಕಾರವಾರ ಮತ್ತು ಶಿರಸಿ ನಗರಸಭೆಗಳಲ್ಲಿ ತಲಾ 31 ವಾರ್ಡುಗಳಿರುವುದರಿಂದ ಒಂದು ವಾರ್ಡು ಬಹಳ ದೊಡ್ಡದಲ್ಲ, ಹತ್ತರಿಂದ ಹನ್ನೆರಡು ಜನ ಸಾಕು. ಇಪ್ಪತ್ತೈದು ಜನರ ಸಮಿತಿ ಮೊದಲ ಸಭೆಯ ಗುಂಪು ಫೋಟೋಕ್ಕೆ ಮಾತ್ರ ಪೂರ್ತಿಯಾಗಿ ಹಾಜರಾಗುತ್ತದೆ.

ಸದಸ್ಯರನ್ನು ಆರಿಸುವಾಗ ಮನೆತನವನ್ನು ನೋಡದೆ ಕೇರಿಯನ್ನು ನೋಡಬೇಕು. ವಾರ್ಡಿನ ತಗ್ಗು ಭಾಗದ ಒಬ್ಬರು, ಎತ್ತರದ ಭಾಗದ ಒಬ್ಬರು, ಬಾಡಿಗೆ ಮನೆಯಲ್ಲಿರುವ ಒಬ್ಬರು, ಅಂಗಡಿಯವರೊಬ್ಬರು, ಮೀನು ಮಾರುವ ಮಹಿಳೆಯೊಬ್ಬರು, ಆಟೋ ಓಡಿಸುವವರೊಬ್ಬರು, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯೊಬ್ಬರು ಇದ್ದರೆ ವಾರ್ಡಿನ ಬಹುತೇಕ ಸಮಸ್ಯೆಗಳು ಸಭೆಗೆ ತಾವಾಗಿಯೇ ಬರುತ್ತವೆ. ಬಾಡಿಗೆದಾರರನ್ನು ನಮ್ಮಲ್ಲಿ ಹೆಚ್ಚಾಗಿ ಮರೆಯಲಾಗುತ್ತದೆ. ಕೈಗಾ, ನೌಕಾನೆಲೆ ಮತ್ತು ಜಿಲ್ಲಾ ಕಚೇರಿಗಳ ಕೆಲಸಕ್ಕೆಂದು ಬಂದ ಕುಟುಂಬಗಳು ತುಂಬಿರುವ ಕಾರವಾರದಲ್ಲಿ ಈ ಮರೆವು ವಾರ್ಡಿನ ಒಂದು ದೊಡ್ಡ ಪಾಲನ್ನೇ ಹೊರಗಿಡುತ್ತದೆ. ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದ ಗುಮಾಸ್ತರೊಬ್ಬರು ಸಿಕ್ಕರೆ ಅವರನ್ನೇ ಕಾರ್ಯದರ್ಶಿಯಾಗಿ ಮಾಡಿಕೊಳ್ಳುವುದು ಜಾಣತನ. ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂಬುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ.

ವಾರ್ಡಿನ ನಗರಸಭಾ ಸದಸ್ಯರ ಸ್ಥಾನ ಯಾವುದು ಎಂಬ ಪ್ರಶ್ನೆ ಮೊದಲ ಸಭೆಯಲ್ಲೇ ಏಳುತ್ತದೆ. ಮಹಾನಗರಪಾಲಿಕೆಯ ವಾರ್ಡ್ ಸಮಿತಿಗೆ ಅಲ್ಲಿನ ಸದಸ್ಯರೇ ಅಧ್ಯಕ್ಷರು. ನಿವಾಸಿಗಳು ತಾವಾಗಿ ಕಟ್ಟಿಕೊಂಡ ಸಮಿತಿಯಲ್ಲಿ ಹಾಗೆ ಮಾಡದೆ, ಅವರನ್ನು ಪ್ರತಿ ಸಭೆಗೂ ವಿಶೇಷ ಆಹ್ವಾನಿತರಾಗಿ ಕರೆಯುವುದು ಲೇಸೆಂದು ನನ್ನ ಅಭಿಪ್ರಾಯ. ಅವರು ಅಧ್ಯಕ್ಷರಾದರೆ ಸಮಿತಿಯ ಪತ್ರ ಅವರದೇ ಪತ್ರವಾಗುತ್ತದೆ ಮತ್ತು ಮುಂದಿನ ಚುನಾವಣೆಯಲ್ಲಿ ಅವರು ಸೋತ ದಿನ ಸಮಿತಿಯೂ ಸೋತಂತಾಗುತ್ತದೆ. ಅವರನ್ನು ಪೂರ್ತಿ ಹೊರಗಿಟ್ಟರೆ ಸಾಮಾನ್ಯ ಸಭೆಯಲ್ಲಿ ವಿಷಯ ಎತ್ತುವವರೇ ಇರುವುದಿಲ್ಲ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ವಾರ್ಡಿನಲ್ಲಿದ್ದರೆ ಅವರನ್ನೂ ಕರೆಯಬಹುದು; ನಗರಸಭೆಯ ಸಭೆಯಲ್ಲಿ ಅವರಿಗೆ ಮತದ ಹಕ್ಕಿಲ್ಲದಿದ್ದರೂ ಮಾತನಾಡುವ ಹಕ್ಕಿದೆ.

ನೋಂದಣಿ ಬೇಕೇ? 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆದರೆ ಸಲಹೆ ಕೊಡುವುದಕ್ಕೆ ನೋಂದಣಿ ಬೇಕಾಗಿಲ್ಲ, ಅದು ಬೇಕಾಗುವುದು ಹಣ ಇಟ್ಟುಕೊಳ್ಳುವುದಕ್ಕೆ. ಸಮಿತಿ ಹಣ ಮುಟ್ಟದಿರುವುದೇ ಒಳ್ಳೆಯದು. ಜೆರಾಕ್ಸಿನ ಮತ್ತು ಅಂಚೆಯ ಖರ್ಚನ್ನು ಸದಸ್ಯರು ಹಂಚಿಕೊಂಡರಾಯಿತು.

ಯಾವುದು ಯಾರ ಸ್ವತ್ತು

ಸಮಿತಿಯ ಮೊದಲ ಕೆಲಸ ದೂರು ಬರೆಯುವುದಲ್ಲ, ನಕ್ಷೆ ಬರೆಯುವುದು. ವಾರ್ಡಿನ ಗಡಿಯನ್ನು ಹೇಳುವ ಅಧಿಸೂಚನೆಯ ಪ್ರತಿಯನ್ನು ನಗರಸಭೆಯಿಂದ ಪಡೆದು, ಒಂದು ದೊಡ್ಡ ಹಾಳೆಯ ಮೇಲೆ ರಸ್ತೆ, ಗಟಾರ, ಬೀದಿದೀಪದ ಕಂಬ, ನಲ್ಲಿ ನೀರಿನ ವಾಲ್ವ್, ಒಳಚರಂಡಿಯ ಮ್ಯಾನ್‌ಹೋಲ್, ತೆರೆದ ಬಾವಿ, ಖಾಲಿ ನಿವೇಶನ, ಕಸ ಬೀಳುವ ಮೂಲೆ ಇವೆಲ್ಲವನ್ನೂ ನಡೆದು ನೋಡಿ ಗುರುತಿಸಬೇಕು. ಬಳಿಕ ಒಂದೊಂದರ ಪಕ್ಕದಲ್ಲಿ ಅದರ ಹೊಣೆ ಹೊತ್ತ ಕಚೇರಿಯ ಹೆಸರನ್ನು ಬರೆಯಬೇಕು. ಈ ಎರಡನೆಯ ಕೆಲಸದಲ್ಲೇ ನಮ್ಮ ಊರುಗಳ ನಿಜವಾದ ತೊಡಕು ಕಾಣಿಸುತ್ತದೆ.

ಕಾರವಾರವನ್ನೇ ನೋಡೋಣ. ಊರಿನ ಪಶ್ಚಿಮದ ಅಂಚಿನಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66, ಅದರ ಮೇಲ್ಸೇತುವೆ, ಸುರಂಗ ಮತ್ತು ಸರ್ವಿಸ್ ರಸ್ತೆ ಇವು ಹೆದ್ದಾರಿ ಪ್ರಾಧಿಕಾರಕ್ಕೆ ಸೇರಿವೆ. ಅಲ್ಲಿ ನೀರು ನಿಂತರೆ ನಗರಸಭೆ ಪತ್ರ ಬರೆಯಬಹುದೇ ಹೊರತು ಗುದ್ದಲಿ ಹಾಕುವಂತಿಲ್ಲ. ಕಾರವಾರ–ಇಳಕಲ್ ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಬೈತಖೋಲದ ವಾಣಿಜ್ಯ ಬಂದರಿನ ಆವರಣ ಕರ್ನಾಟಕ ಜಲಸಾರಿಗೆ ಮಂಡಳಿಯ ಹೊಣೆ, ಅದಕ್ಕೆ ತಾಗಿಕೊಂಡೇ ಇರುವ ಮೀನುಗಾರಿಕೆ ಬಂದರಿನ ವ್ಯವಹಾರ ಮೀನುಗಾರಿಕೆ ಇಲಾಖೆಯದು. ರವೀಂದ್ರನಾಥ ಟಾಗೋರ್ ಕಡಲತೀರದ ನಿರ್ವಹಣೆಯಲ್ಲಿ ಜಿಲ್ಲಾಡಳಿತದ ಕೈ ದೊಡ್ಡದು. ವಿದ್ಯುತ್ ಕಂಬವೂ ತಂತಿಯೂ ಹೆಸ್ಕಾಂನವು, ಅದೇ ಕಂಬಕ್ಕೆ ಜೋತುಬಿದ್ದ ಬೀದಿದೀಪ ನಗರಸಭೆಯದು. ಒಳಚರಂಡಿ ಮತ್ತು ಕುಡಿಯುವ ನೀರಿನ ದೊಡ್ಡ ಯೋಜನೆಗಳನ್ನು ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಕಟ್ಟಿ ಹಸ್ತಾಂತರಿಸಿದ ಮೇಲೆ ನಡೆಸುವುದು ನಗರಸಭೆ. ಹೀಗಾಗಿ ಒಂದು ಕೊಳವೆ ಸೋರಿದರೆ ಹಸ್ತಾಂತರ ಆಗಿದೆಯೋ ಇಲ್ಲವೋ ಎಂಬುದನ್ನು ಮೊದಲು ಕೇಳಿಕೊಳ್ಳಬೇಕಾಗುತ್ತದೆ. ಬಡಾವಣೆಯ ನಕ್ಷೆ, ಮಾಸ್ಟರ್ ಪ್ಲಾನ್ ಮತ್ತು ಭೂಬಳಕೆಯ ಪ್ರಶ್ನೆಗಳು ಕಾರವಾರ ನಗರಾಭಿವೃದ್ಧಿ ಪ್ರಾಧಿಕಾರದ ಮುಂದೆ ಹೋಗಬೇಕು.

ಕಡಲಿಗೆ ಹತ್ತಿರವಿರುವ ವಾರ್ಡುಗಳಲ್ಲಿ ಇನ್ನೊಂದು ಪದರವಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಪೌರಸಂಸ್ಥೆಯ ಮಿತಿಯೊಳಗಿನ, ಆಗಲೇ ಕಟ್ಟಡಗಳಿಂದ ತುಂಬಿರುವ ತೀರಪ್ರದೇಶವನ್ನು ಎರಡನೆಯ ವಲಯವೆಂದು ಕರೆದು, ಈಗಿರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಭೂಮಿ ಬದಿಗೆ ಮಾತ್ರ ಹೊಸ ಕಟ್ಟಡಕ್ಕೆ ಅವಕಾಶ ಕೊಡುತ್ತದೆ. ಆದ್ದರಿಂದ ತೀರದ ಬದಿಯಲ್ಲಿ ಶೌಚಾಲಯವನ್ನೋ ಮೀನು ಒಣಗಿಸುವ ಕಟ್ಟೆಯನ್ನೋ ಕಟ್ಟಿಕೊಡಿ ಎಂದು ನಗರಸಭೆಗೆ ಬರೆಯುವ ಮುನ್ನ ಆ ಜಾಗ ಯಾವ ವಲಯದಲ್ಲಿದೆ ಎಂಬುದನ್ನು ಕಾರವಾರದಲ್ಲೇ ಇರುವ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಈ ಒಂದು ವಿಚಾರಣೆಯಿಂದ ಎಷ್ಟೋ ಬೇಡಿಕೆಗಳ ರೂಪವೇ ಬದಲಾಗುತ್ತದೆ.

ನಕ್ಷೆಯಲ್ಲಿ ಸ್ಥಿರ ವಸ್ತುಗಳ ಜೊತೆಗೆ ನೀರಿನ ನಡೆಯನ್ನೂ ಬರೆದಿಟ್ಟುಕೊಳ್ಳಬೇಕು. ತಗ್ಗಿನ ವಾರ್ಡುಗಳಲ್ಲಿ ಮಳೆಗಾಲದ ನೆರೆಗೆ ಹೂಳು ತುಂಬಿದ ಗಟಾರವೇ ಯಾವಾಗಲೂ ಕಾರಣವಾಗಿರುವುದಿಲ್ಲ. ಗಟಾರದ ಬಾಯಿ ಕೊನೆಗೆ ಸೇರುವುದು ಸಮುದ್ರಕ್ಕೆ ಅಥವಾ ಕೋಡಿಗೆ; ಉಬ್ಬರದ ಹೊತ್ತಿಗೇ ಜೋರು ಮಳೆ ಹೊಡೆದರೆ ಗಟಾರ ಎಷ್ಟೇ ಶುಭ್ರವಾಗಿದ್ದರೂ ನೀರು ಹೊರಗೆ ಹೋಗದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ಉಬ್ಬರ ಹೆಚ್ಚು, ಮತ್ತು ಅದರ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಬೀದಿಯಲ್ಲಿ ನೀರು ನಿಂತ ದಿನ, ಹೊತ್ತು, ಮೊಣಕಾಲಿಗೋ ಹಿಮ್ಮಡಿಗೋ ಎಂಬ ಎತ್ತರ, ಇಳಿಯಲು ಹಿಡಿದ ಸಮಯ ಇವಿಷ್ಟನ್ನು ಒಂದು ಮಳೆಗಾಲವಿಡೀ ಬರೆದಿಟ್ಟು ಉಬ್ಬರದ ವೇಳಾಪಟ್ಟಿಯ ಪಕ್ಕದಲ್ಲಿಟ್ಟರೆ ಬೇಕಾಗಿರುವುದು ಹೂಳೆತ್ತುವ ಕೆಲಸವೋ, ಗಟಾರದ ಬಾಯಿಗೆ ಹಿಮ್ಮುಖ ನೀರು ತಡೆಯುವ ಬಾಗಿಲೋ ಎಂಬುದು ತಿಳಿಯುತ್ತದೆ. ಉಬ್ಬರ ಇಳಿತದ ಲೆಕ್ಕವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ, ಸಮಿತಿಯಲ್ಲಿರುವ ಮೀನುಗಾರ ಕುಟುಂಬದವರಿಗೆ ಅದು ಬಾಯಿಪಾಠ. ಅಭಿಯಂತರರ ಮುಂದೆ ಇಂಥ ಪಟ್ಟಿಯೊಂದನ್ನು ಇಟ್ಟಾಗ ಸಮಿತಿಯ ಬಗ್ಗೆ ಅವರ ಧೋರಣೆ ಬದಲಾಗುವುದನ್ನು ಕಾಣಬಹುದು.

ಶಿರಸಿಯಲ್ಲಿ ಉಬ್ಬರದ ಗೊಡವೆಯಿಲ್ಲ. ಅಲ್ಲಿನ ನಕ್ಷೆಯಲ್ಲಿ ಕೋಟೆಕೆರೆ, ದೇವಿಕೆರೆಯಂಥ ಕೆರೆಗಳಿಗೆ ನೀರು ತರುವ ಮತ್ತು ಅವುಗಳಿಂದ ನೀರು ಹೊರಹೋಗುವ ಕಾಲುವೆಗಳ ಜಾಡು, ಇಳಿಜಾರಿನ ಬೀದಿಗಳ ಗಟಾರ, ಕುಮಟಾ–ಹಾವೇರಿ ಮಾರ್ಗದ ರಾಷ್ಟ್ರೀಯ ಹೆದ್ದಾರಿ 766ಇ ಊರನ್ನು ಮುಟ್ಟುವ ಜಾಗ ಮುಖ್ಯವಾಗುತ್ತವೆ.

ಸಭೆ ಮತ್ತು ನಡಾವಳಿ

ತಿಂಗಳಿಗೊಂದು ಸಭೆ, ಒಂದೂವರೆ ಗಂಟೆಗಿಂತ ಹೆಚ್ಚಲ್ಲ. ಸ್ಥಳ ಶಾಲೆಯ ಕೋಣೆಯೋ ಅಂಗನವಾಡಿಯೋ ಆಗಿದ್ದರೆ ಒಳ್ಳೆಯದು. ಯಾರ ಮನೆಯ ಜಗಲಿಯೂ ಬೇಡ, ಏಕೆಂದರೆ ಆ ಮನೆಗೆ ಕಾಲಿಡದವರು ಪ್ರತಿ ಕೇರಿಯಲ್ಲೂ ಒಬ್ಬರಾದರೂ ಇರುತ್ತಾರೆ. ಕಾರವಾರದಲ್ಲಿ ಭಾನುವಾರ ಸಂತೆಯ ದಿನವಾದ್ದರಿಂದ ವ್ಯಾಪಾರದವರು ಬರಲಾರರು. ಮೀನು ಮಾರುವ ಮಹಿಳೆಯರಿಗೆ ಬೆಳಗು ಸಾಧ್ಯವಿಲ್ಲ. ಯಾಂತ್ರೀಕೃತ ದೋಣಿಗಳ ಮೇಲೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಕಾಲದಲ್ಲಿ ಮೀನುಗಾರರ ಕೇರಿಯಿಂದ ಹೆಚ್ಚು ಜನ ಬರುವುದುಂಟು, ವರ್ಷದ ದೊಡ್ಡ ಸಭೆಯನ್ನು ಆಗಲೇ ಇಟ್ಟುಕೊಳ್ಳಬಹುದು. ಮಾತು ಕೊಂಕಣಿಯಲ್ಲೇ ನಡೆಯಲಿ, ಉರ್ದುವಿನಲ್ಲೂ ನಡೆಯಲಿ, ನಡಾವಳಿ ಮಾತ್ರ ಕನ್ನಡದಲ್ಲಿರಲಿ. ಅದು ಕಚೇರಿಯ ಕಡತಕ್ಕೆ ಹೋಗಬೇಕಾದ ಕಾಗದ.

ನಡಾವಳಿ ಪುಸ್ತಕಕ್ಕೆ ಪುಟಸಂಖ್ಯೆ ಹಾಕಿದ ಗಟ್ಟಿ ರಟ್ಟಿನ ರಿಜಿಸ್ಟರನ್ನೇ ಬಳಸಬೇಕು. ಪ್ರತಿ ಠರಾವಿಗೂ ಕ್ರಮಸಂಖ್ಯೆ ಬೇಕು, ಯಾರು ಒಪ್ಪಲಿಲ್ಲ ಮತ್ತು ಏಕೆ ಎಂಬುದೂ ಬೇಕು. ರಸ್ತೆ ಅಗಲ ಮಾಡಬೇಕೆಂದು ಒಂಬತ್ತು ಜನ ಹೇಳಿ, ಜಾಗ ಕಳೆದುಕೊಳ್ಳುವ ಇಬ್ಬರು ಒಪ್ಪದಿದ್ದರೆ ಅದನ್ನು ಹಾಗೆಯೇ ಬರೆಯಬೇಕು. ಸರ್ವಾನುಮತವೆಂದು ಬರೆದು ಕಳಿಸಿ, ಮರುದಿನ ಆ ಇಬ್ಬರು ಪೌರಾಯುಕ್ತರ ಬಾಗಿಲಲ್ಲಿ ನಿಂತರೆ ಸಮಿತಿಯ ಮುಂದಿನ ಹತ್ತು ಪತ್ರಗಳಿಗೂ ಬೆಲೆ ಇರುವುದಿಲ್ಲ. ನೆರೆಹೊರೆಯ ಬೇಲಿ ಜಗಳ, ಅಣ್ಣತಮ್ಮಂದಿರ ಪಾಲು, ಯಾರದೋ ಕಟ್ಟಡ ಪರವಾನಿಗೆಯ ಶಿಫಾರಸು, ಯಾವ ಗುತ್ತಿಗೆದಾರನಿಗೆ ಕೆಲಸ ಸಿಗಬೇಕೆಂಬ ಮಾತು ಇವನ್ನು ಸಭೆಯೊಳಗೆ ಬಿಟ್ಟುಕೊಳ್ಳಲೇಬಾರದು.

ಪತ್ರ ಬರೆಯುವ ರೀತಿ

ಒಂದು ಪತ್ರಕ್ಕೆ ಒಂದೇ ವಿಷಯ. ಹದಿನೇಳು ಬೇಡಿಕೆಗಳ ಮನವಿಯನ್ನು ಹಾರ ಹಾಕಿ ಕೊಟ್ಟರೂ ಅದು ಯಾವ ವಿಭಾಗಕ್ಕೂ ಸೇರದೆ ಟಪಾಲಿನಲ್ಲೇ ಉಳಿಯುತ್ತದೆ. ಗಟಾರದ ವಿಷಯ ಅಭಿಯಂತರರಿಗೆ, ಕಸದ ವಿಷಯ ಆರೋಗ್ಯ ನಿರೀಕ್ಷಕರಿಗೆ, ತೆರಿಗೆಯ ವಿಷಯ ಕಂದಾಯ ವಿಭಾಗಕ್ಕೆ ಹೋಗುವುದರಿಂದ ಎಲ್ಲವನ್ನೂ ಪೌರಾಯುಕ್ತರ ಹೆಸರಿಗೇ ಬರೆದರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು. ಮಾದರಿಗೆ ಹೀಗೆ:

“ವಿಷಯ: ವಾರ್ಡ್ ಸಂಖ್ಯೆ (ಇಲ್ಲಿ ಸಂಖ್ಯೆ), ಶಾಲೆಯ ಹಿಂಬದಿಯ ಅಡ್ಡರಸ್ತೆಯ ಗಟಾರದ ಮರುನಿರ್ಮಾಣದ ಕುರಿತು ಸಲಹೆ. ಮಾನ್ಯರೇ, ಮೇಲ್ಕಂಡ ರಸ್ತೆಯ ಎಡಬದಿಯ ತೆರೆದ ಗಟಾರವು ಸುಮಾರು 40 ಮೀಟರ್ ಉದ್ದಕ್ಕೆ ಕುಸಿದಿದ್ದು, ಕಳೆದ ಮಳೆಗಾಲದಲ್ಲಿ ಲಗತ್ತಿಸಿದ ಪಟ್ಟಿಯಲ್ಲಿರುವ ದಿನಗಳಂದು ನೀರು ರಸ್ತೆಯ ಮೇಲೆ ಹರಿದಿರುತ್ತದೆ. ಸಮಿತಿಯು ತನ್ನ ಠರಾವಿನ ಮೂಲಕ, ಸದರಿ ಭಾಗವನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿಸುವುದು ಸೂಕ್ತವೆಂದು ಅಭಿಪ್ರಾಯಪಟ್ಟಿರುತ್ತದೆ. ಅಂದಾಜು ತಯಾರಿಸುವ ಮೊದಲು ಕಿರಿಯ ಅಭಿಯಂತರರು ಸ್ಥಳ ಪರಿಶೀಲನೆಗೆ ಬರುವ ದಿನವನ್ನು ತಿಳಿಸಿದಲ್ಲಿ ಸಮಿತಿಯ ಇಬ್ಬರು ಸದಸ್ಯರು ಹಾಜರಿರುತ್ತಾರೆ. ಲಗತ್ತು: ನಕ್ಷೆ, ನಾಲ್ಕು ಫೋಟೋ, ನೀರು ನಿಂತ ದಿನಗಳ ಪಟ್ಟಿ, ನಡಾವಳಿಯ ಪ್ರತಿ.”

ಇಷ್ಟೇ. ಇದರಲ್ಲಿ ಕೋಪವಿಲ್ಲ, ಹೋರಾಟದ ಎಚ್ಚರಿಕೆಯಿಲ್ಲ, ಕಚೇರಿಯವರು ಮುಂದೆ ಏನು ಮಾಡಬೇಕೆಂಬುದು ಮಾತ್ರ ಇದೆ. ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬಾರದು. ಸಾಹೇಬರ ಕೈಗೇ ಕೊಟ್ಟೆವೆಂಬ ಹೆಮ್ಮೆಗಿಂತ ಆವಕ ಸಂಖ್ಯೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಾರ್ಡಿನ ಸದಸ್ಯರಿಗೂ ನಗರಸಭೆಯ ಅಧ್ಯಕ್ಷರಿಗೂ ಪ್ರತಿ ಹೋಗಲಿ. ಒಂದು ಬೀದಿದೀಪ ಆರಿದ್ದಕ್ಕೆ, ಒಂದು ದಿನ ಕಸದ ಗಾಡಿ ಬಾರದ್ದಕ್ಕೆ ಈ ಕ್ರಮವನ್ನೆಲ್ಲ ಅನುಸರಿಸುವ ಅಗತ್ಯವಿಲ್ಲ. ಅಂಥ ದಿನನಿತ್ಯದ ದೂರಿಗೆ ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್ ಅಥವಾ 1902 ಸಹಾಯವಾಣಿ ಸಾಕು.

ಯಾವಾಗ ಬರೆಯಬೇಕು

ನಗರಸಭೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಆ ವರ್ಷದ ಆಯವ್ಯಯ ಅದಕ್ಕೂ ಮುಂಚೆ ಮಂಡನೆಯಾಗುತ್ತದೆ. ಮಂಡನೆಗೆ ಮೊದಲು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ನಡೆಸುವ ಪದ್ಧತಿಯಿದೆ. ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆಯಾಗಿ ಬರುವ ಈ ಸಭೆಗೆ ಸಾಮಾನ್ಯವಾಗಿ ಬೆರಳೆಣಿಕೆಯ ಜನ ಬಂದಿರುತ್ತಾರೆ, ಬಂದವರೂ ಸಭೆಯಲ್ಲೇ ಯೋಚಿಸಿ ಮಾತನಾಡುತ್ತಾರೆ. ಸಮಿತಿಯು ದೀಪಾವಳಿಯ ಹೊತ್ತಿಗೇ ತನ್ನ ವಾರ್ಡಿನ ಮೂರು ಕಾಮಗಾರಿಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು ಕೊಟ್ಟಿದ್ದರೆ, ಪೂರ್ವಭಾವಿ ಸಭೆಯಲ್ಲಿ ಆವಕ ಸಂಖ್ಯೆ ಹೇಳಿ ಅದರ ಸ್ಥಿತಿ ಕೇಳಬಹುದು. ಮೂರಕ್ಕಿಂತ ಹೆಚ್ಚು ಬೇಡ. ಮೂವತ್ತೊಂದು ವಾರ್ಡಿಗೆ ಮೂರರಂತೆ ಹಿಡಿದರೂ ತೊಂಬತ್ತಮೂರು ಆಗುತ್ತದೆ ಎಂಬ ಲೆಕ್ಕ ಅಧಿಕಾರಿಗಳ ತಲೆಯಲ್ಲಿ ಇದ್ದೇ ಇರುತ್ತದೆ.

ಆಯವ್ಯಯದಲ್ಲಿ ಹಣ ಎಲ್ಲಿಂದ ಬರುತ್ತದೆ ಎಂಬ ಅರಿವಿದ್ದರೆ ಸಲಹೆಯನ್ನು ಅದಕ್ಕೆ ತಕ್ಕಂತೆ ಬರೆಯಬಹುದು. ಕೇಂದ್ರ ಹಣಕಾಸು ಆಯೋಗದ ಅನುದಾನದ ಒಂದು ದೊಡ್ಡ ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾಗಿ ಬರುತ್ತದೆ, ಅದರಿಂದ ಉದ್ಯಾನವನದ ಬೆಂಚು ಕೇಳಿದರೆ ಸಿಗದು. ನಗರಸಭೆಯ ಸ್ವಂತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರ, ಶೇ 7.25 ಇತರ ಬಡವರ, ಶೇ 5 ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕು. ಗಾಲಿಕುರ್ಚಿ ಏರುವ ಇಳಿಜಾರು ದಾರಿಯನ್ನು ವಾರ್ಡಿನ ಸಮುದಾಯ ಭವನಕ್ಕೆ ಮಾಡಿಸಬೇಕೆಂದಿದ್ದರೆ ಆ ಶೇ 5ರ ಲೆಕ್ಕವನ್ನು ಪತ್ರದಲ್ಲೇ ಉಲ್ಲೇಖಿಸುವುದು ಒಳ್ಳೆಯದು.

ಮಳೆಗಾಲದ ಕೆಲಸಕ್ಕೆ ಕ್ಯಾಲೆಂಡರ್ ಬೇರೆ. ಜೂನ್ ಮೊದಲ ವಾರ ಮಳೆ ಹಿಡಿಯುವ ನಮ್ಮ ಜಿಲ್ಲೆಯಲ್ಲಿ ಹೂಳೆತ್ತುವ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಅಂದಾಜು, ಟೆಂಡರ್, ಕಾರ್ಯಾದೇಶ ಇವಕ್ಕೆಲ್ಲ ಸಮಯ ಹಿಡಿಯುವುದರಿಂದ ಸಲಹೆ ಫೆಬ್ರವರಿಯಲ್ಲೇ ಹೋಗಬೇಕು. ಚುನಾವಣೆಯ ನೀತಿಸಂಹಿತೆ ಬಂತೆಂದರೆ ಹೊಸ ಕೆಲಸಗಳು ನಿಲ್ಲುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎತ್ತಿದ ಹೂಳನ್ನು ಗಟಾರದ ದಂಡೆಯ ಮೇಲೆಯೇ ಬಿಟ್ಟು ಹೋದರೆ ಮೊದಲ ಮಳೆಗೆ ಅದು ಮತ್ತೆ ಒಳಗೆ ಸೇರುತ್ತದೆ. ಆದ್ದರಿಂದ ಸಾಗಿಸುವ ಕೆಲಸವೂ ಅಂದಾಜಿನಲ್ಲಿ ಸೇರಿರಲಿ ಎಂದು ಒಂದು ಸಾಲು ಬರೆಯುವುದನ್ನು ಮರೆಯಬಾರದು.

ಶಿರಸಿಯ ವಾರ್ಡುಗಳಿಗೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯೇ ಒಂದು ಪ್ರತ್ಯೇಕ ಕ್ಯಾಲೆಂಡರು. ಜಾತ್ರೆ ನಡೆಯುವ ಬಿಡಕಿಬೈಲಿನ ಸುತ್ತಲಿನ ವಾರ್ಡುಗಳಲ್ಲಿ ವಾಹನ ನಿಲುಗಡೆ, ತಾತ್ಕಾಲಿಕ ಶೌಚಾಲಯ, ನೀರಿನ ಟ್ಯಾಂಕರ್ ನಿಲ್ಲುವ ಜಾಗ, ಆಂಬುಲೆನ್ಸಿಗೆ ತೆರೆದಿರಬೇಕಾದ ಗಲ್ಲಿ ಇವುಗಳ ಬಗ್ಗೆ ಅಲ್ಲಿನ ನಿವಾಸಿಗಳಿಗಿಂತ ಚೆನ್ನಾಗಿ ಹೇಳಬಲ್ಲವರಿಲ್ಲ. ಆದರೆ ಜಾತ್ರೆಯ ಪೂರ್ವಸಿದ್ಧತಾ ಸಭೆಗಳು ಮುಗಿದು ಅಂಗಡಿ ಜಾಗಗಳ ಗುರುತು ಹಾಕಿದ ಮೇಲೆ ಹೇಳಿದರೆ ಕೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಹಿಂದಿನ ಜಾತ್ರೆ ಮುಗಿದ ವಾರದಲ್ಲೇ ಸಮಿತಿ ಕುಳಿತು, ನೆನಪು ಹಸಿಯಾಗಿರುವಾಗಲೇ, ಮುಂದಿನ ಜಾತ್ರೆಗೆ ಬೇಕಾದ ಸಲಹೆಯನ್ನು ಬರೆದಿಡಬೇಕು.

ಉತ್ತರ ಬಾರದಿದ್ದಾಗ

ಒಂದು ತಿಂಗಳು ಕಾದು, ಮೊದಲಿನ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ಒಂದು ಜ್ಞಾಪನ ಪತ್ರ. ಅದಕ್ಕೂ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿಗೆ ಹತ್ತು ರೂಪಾಯಿಯ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರದಂತಿರಬೇಕು. ಉದ್ದದ ಪೀಠಿಕೆ ಬರೆದ ಅರ್ಜಿಗಳು ಈ ಕಾರಣಕ್ಕೇ ಹಿಂತಿರುಗುತ್ತವೆ. ‘ಏಕೆ ಮಾಡಿಲ್ಲ’ ಎಂಬುದು ಮಾಹಿತಿಯ ಕೋರಿಕೆಯಲ್ಲ. ‘ಇಂಥ ಆವಕ ಸಂಖ್ಯೆಯ ಪತ್ರದ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿಗಳ ಪ್ರತಿ’, ‘ಇಂಥ ಕಾಮಗಾರಿಯ ಅಂದಾಜು ಪತ್ರಿಕೆ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪುಟಗಳ ಪ್ರತಿ’ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ, ಅಲ್ಲಿಂದ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಅರ್ಜಿಯನ್ನು ಸಮಿತಿಯ ಹೆಸರಿನಲ್ಲಿ ಹಾಕದೆ ಸದಸ್ಯರೊಬ್ಬರ ಹೆಸರಿನಲ್ಲಿ ಹಾಕಬೇಕು, ಏಕೆಂದರೆ ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ.

ಇದರ ಬಳಕೆ ಮಿತವಾಗಿರಲಿ. ತಿಂಗಳಿಗೆ ನಾಲ್ಕು ಮಾಹಿತಿ ಹಕ್ಕು ಅರ್ಜಿ ಹಾಕುವ ಸಮಿತಿಯನ್ನು ಕಚೇರಿ ಸಲಹೆಗಾರನೆಂದು ನೋಡುವುದನ್ನು ಬಿಟ್ಟು ಎದುರಾಳಿಯೆಂದು ನೋಡತೊಡಗುತ್ತದೆ. ನಗರಸಭೆಯ ಮೇಲೆ ಜಿಲ್ಲಾಧಿಕಾರಿಗಳೂ ಅವರ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರೂ ಇದ್ದಾರೆ; ಎರಡು ಪತ್ರಗಳಿಗೆ ಉತ್ತರ ಬಾರದಾಗ ಅವರಿಗೆ ಬರೆಯುವುದು ಹಲವು ಬಾರಿ ಹೆಚ್ಚು ಫಲ ಕೊಡುತ್ತದೆ.

ಚುನಾಯಿತ ಮಂಡಳಿಯೇ ಇಲ್ಲದ ಕಾಲವೂ ಬರುತ್ತದೆ. ನಮ್ಮ ಜಿಲ್ಲೆಯ ಹಲವು ಊರುಗಳಲ್ಲಿ 2018ರ ಆಗಸ್ಟ್ 31ರಂದು ಮತದಾನ ನಡೆದು ಸದಸ್ಯರು ಆಯ್ಕೆಯಾದರೂ, ಮೀಸಲಾತಿ ಪಟ್ಟಿಯ ವ್ಯಾಜ್ಯದಿಂದಾಗಿ ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆ 2020ರವರೆಗೆ ನಡೆಯಲೇ ಇಲ್ಲ. ಆ ಅವಧಿಯಲ್ಲಿ ಆಡಳಿತಾಧಿಕಾರಿಗಳೇ ಸಭೆಯ ಅಧಿಕಾರವನ್ನು ಚಲಾಯಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ವಾರ್ಡಿನ ಮಾತನ್ನು ಕಚೇರಿಗೆ ಮುಟ್ಟಿಸುವ ವ್ಯವಸ್ಥಿತ ದಾರಿ ಸಲಹಾ ಸಮಿತಿಯೊಂದೇ ಆಗಿರಬಹುದು, ಆದ್ದರಿಂದ ಪತ್ರಗಳ ಮೇಲ್ವಿಳಾಸವನ್ನು ಬದಲಿಸಿಕೊಂಡು ಕೆಲಸ ಮುಂದುವರಿಸಬೇಕು.

ಕಾಯ್ದೆಯೇ ಇಟ್ಟಿರುವ ಕುರ್ಚಿಗಳು

ಸ್ವಂತ ಸಮಿತಿ ಒಂದು ವರ್ಷ ಸರಿಯಾಗಿ ನಡೆದ ಮೇಲೆ, ಶಾಸನಬದ್ಧ ಸಮಿತಿಗಳಲ್ಲಿ ಸ್ಥಾನ ಕೇಳುವ ಅರ್ಹತೆ ಅದಕ್ಕೆ ಬರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪೌರಾಯುಕ್ತರ ಅಧ್ಯಕ್ಷತೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40 ಬೀದಿ ವ್ಯಾಪಾರಿಗಳೇ ಆಯ್ಕೆ ಮಾಡಿದ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು, ಕನಿಷ್ಠ ಶೇ 10 ಸ್ವಯಂಸೇವಾ ಮತ್ತು ಸಮುದಾಯ ಸಂಘಟನೆಗಳವರು ಇರಬೇಕು. ಸಂತೆಯ ಸಾಲು ಎಲ್ಲಿ ಕೂರಬೇಕು, ಮೀನು ಮಾರುವವರಿಗೆ ಎಲ್ಲಿ ಜಾಗ ಎಂಬ ಪ್ರಶ್ನೆಗಳು ಬರುವುದು ಇಲ್ಲಿಗೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ 41ನೇ ಕಲಮು ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕೆನ್ನುತ್ತದೆ, ಕೆರೆಗಳ ಶಿರಸಿಗೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಾಳಿ ನದಿಯ ದಂಡೆಗೂ ಅದು ಹೆಸರಿಗಷ್ಟೇ ಇರಬೇಕಾದ ಸಮಿತಿಯಲ್ಲ. ಕರಾವಳಿ ನಿಯಂತ್ರಣ ವಲಯದ ವಿಚಾರದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕೆಂದು ಅಧಿಸೂಚನೆಯೇ ಹೇಳಿದೆ.

ಈ ಸಮಿತಿಗಳ ಸದ್ಯದ ಸದಸ್ಯರು ಯಾರು, ಅವರ ಅವಧಿ ಎಂದು ಮುಗಿಯುತ್ತದೆ, ಕಡೆಯ ಸಭೆ ಎಂದು ನಡೆಯಿತು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಸಾದಾ ಪತ್ರದಲ್ಲಿ ಕೇಳಿ ತಿಳಿದುಕೊಳ್ಳಬೇಕು. ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಸಮಿತಿಯ ಠರಾವಿನೊಂದಿಗೆ ಒಬ್ಬರ ಹೆಸರನ್ನು ಸೂಚಿಸಿ, ನಕ್ಷೆಯ ಒಂದು ಪ್ರತಿ ಮತ್ತು ಹಿಂದಿನ ವರ್ಷ ಕೊಟ್ಟ ಸಲಹೆಗಳ ಪಟ್ಟಿಯನ್ನು ಲಗತ್ತಿಸಿ, ಟಪಾಲಿನಲ್ಲಿ ಕೊಟ್ಟು, ಆವಕ ಸಂಖ್ಯೆ ಬರೆಸಿಕೊಳ್ಳಬೇಕು.